ಹುರಿಯಿಂದ ಹೊಲಿದ ಹಡಗುಗಳು

ಅರಬ್ಬಿ ಸಮುದ್ರದ ಎರಡೂ ದಂಡೆಗಳಲ್ಲಿ ಸುಮಾರು ಎರಡು ಸಾವಿರ ವರ್ಷ ಕಾಲ ಹಡಗುಗಳನ್ನು ಹೊಲಿದು ಕಟ್ಟುತ್ತಿದ್ದರು. ಹಲಗೆಯ ಅಂಚಿಗೆ ಅಂಚು ಕೂಡಿಸಿ, ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹುರಿಯನ್ನು ಆ ತೂತುಗಳಲ್ಲಿ ಹಾಯಿಸಿ ಬಿಗಿಯುವುದು ಈ ಕಸುಬಿನ ಮೂಲ. ಒಡಲನ್ನು ಹಿಡಿದಿಡಲು ಕಬ್ಬಿಣದ ಮೊಳೆ ಬೇಕಿರಲಿಲ್ಲ. ಇಂಥ ಹಡಗುಗಳೇ ಮೆಣಸು, ಅಕ್ಕಿ, ಬಟ್ಟೆ, ಕುದುರೆ, ಹಜ್ ಯಾತ್ರಿಕರನ್ನು ಹೊತ್ತು ಪೂರ್ವ ಆಫ್ರಿಕ, ಕೆಂಪು ಸಮುದ್ರ, ಪರ್ಷಿಯಾ ಕೊಲ್ಲಿ ಮತ್ತು ಭಾರತದ ಬಂದರುಗಳ ನಡುವೆ ಓಡಾಡಿದವು. ಕೆಲವು ಚೀನಾದವರೆಗೂ ಹೋಗಿಬಂದವು. ಅವನ್ನು ನಡೆಸಿದವರಲ್ಲಿ ಅರಬರು, ಪರ್ಷಿಯನ್ನರು, ಗುಜರಾತಿಗಳು, ಮಲಬಾರಿನವರು ಎಲ್ಲರೂ ಇದ್ದರು. ಆದರೆ ಮರ ಮತ್ತು ಹುರಿಯ ಬಹುಪಾಲು ಬರುತ್ತಿದ್ದುದು ಪಶ್ಚಿಮ ಘಟ್ಟದ ಕಾಡುಗಳಿಂದ, ಕೊಂಕಣ-ಕೆನರಾ-ಮಲಬಾರಿನ ತೆಂಗಿನ ತೋಟಗಳಿಂದ, ಲಕ್ಷದ್ವೀಪ-ಮಾಲ್ದೀವ್‌ಗಳಿಂದ.

ಕ್ರಿ.ಶ. 1ನೇ ಶತಮಾನದ ಗ್ರೀಕ್ ಬರಹ ‘ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್’ನಲ್ಲಿ ಈ ಹಡಗುಗಳ ಮಾತು ಬರುತ್ತದೆ. ಒಮ್ಮನ ಎಂಬ ಬಂದರಿನಲ್ಲಿ ಹೊಲಿದ ದೋಣಿಗಳನ್ನು ಕಟ್ಟಿ ಅರೇಬಿಯಾಕ್ಕೆ ಮಾರುತ್ತಿದ್ದರೆಂದೂ, ಆಫ್ರಿಕದ ದಂಡೆಯ ರಾಪ್ತ ಎಂಬ ಊರಿಗೆ ಹೊಲಿದ ದೋಣಿಗಳಿಂದಲೇ ಆ ಹೆಸರು ಬಂತೆಂದೂ ಅದು ಹೇಳುತ್ತದೆ. ಗುಜರಾತಿನ ಭರೂಚ್‌ನಿಂದ ಪರ್ಷಿಯಾ ಕೊಲ್ಲಿಗೆ ಮರದ ತೊಲೆಗಳು ಹೋಗುತ್ತಿದ್ದ ಸಂಗತಿಯೂ ಅದರಲ್ಲೇ ಇದೆ. 6ನೇ ಶತಮಾನದಲ್ಲಿ ಬೈಜಾಂಟಿಯಂನ ಇತಿಹಾಸಕಾರ ಪ್ರೊಕೋಪಿಯಸ್ ಹಿಂದೂ ಮಹಾಸಾಗರದ ಹಡಗುಗಳಿಗೆ ಡಾಂಬರು ಬಳಿಯುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಹಲಗೆಗಳನ್ನು ಹಗ್ಗದಿಂದ ಕಟ್ಟುತ್ತಾರೆ ಎಂದು ಬರೆದ. ಅದಾಗಿ ನೂರು ವರ್ಷದೊಳಗೆ, 634ರಲ್ಲಿ, ರವಿಕೀರ್ತಿಯ ಐಹೊಳೆ ಶಾಸನ ಇಮ್ಮಡಿ ಪುಲಕೇಶಿಯ ನೌಕಾದಾಳಿಯನ್ನು ಬಣ್ಣಿಸಿತು. ಪಡುಗಡಲಿನ ಸಿರಿಯೆನಿಸಿದ ಪುರಿ ಎಂಬ ಪಟ್ಟಣವನ್ನು ಆತ ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದನಂತೆ. ಬಾದಾಮಿಯ ಅರಸನಿಗೆ ಅಷ್ಟು ಹಡಗುಗಳು ಒದಗಬೇಕಾದರೆ ಕರಾವಳಿಯಲ್ಲಿ ಅವನ್ನು ಕಟ್ಟುವ ಬಡಗಿಗಳ ದೊಡ್ಡ ಸಮುದಾಯವೇ ಇದ್ದಿರಬೇಕು.

ಬರಹಗಳಾಚೆ ಕೈಗೆ ಸಿಕ್ಕ ಪುರಾವೆಯೂ ಇದೆ. 1998ರಲ್ಲಿ ಇಂಡೊನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಕಡಲ ತಳದಲ್ಲಿ 9ನೇ ಶತಮಾನದ ಹೊಲಿದ ಹಡಗೊಂದರ ಅವಶೇಷ ಸಿಕ್ಕಿತು. ಅದರಲ್ಲಿದ್ದ ಚೀನಾದ ಪಿಂಗಾಣಿ ಮತ್ತು ಮಣ್ಣಿನ ಸಾಮಾನುಗಳ ಸಂಖ್ಯೆ ಸುಮಾರು 60,000. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ತೇದಿ ಕೆತ್ತಿದೆ. ಒಡಲಿನ ಹಲಗೆಗಳು ಆಫ್ರಿಕದ ಮರದವು, ಅಡ್ಡತೊಲೆಗಳು ತೇಗದವು. 2013ರಲ್ಲಿ ಥಾಯ್ಲೆಂಡಿನ ಫನೋಮ್ ಸುರಿನ್ ಎಂಬಲ್ಲಿ ಜೌಗುನೆಲದೊಳಗೆ ಹೂತಿದ್ದ ಇನ್ನೊಂದು ಹೊಲಿದ ಹಡಗು ಹೊರಬಂತು. ಹೊಲಿದ ಹಡಗು ದಂಡೆ ಬಿಟ್ಟು ಹೋಗಲಾರದ ಬಡ ದೋಣಿ ಎಂಬ ಹಳೆಯ ಅಭಿಪ್ರಾಯಕ್ಕೆ ಈ ಎರಡು ಅವಶೇಷಗಳೇ ತಕ್ಕ ಉತ್ತರ.

ಅರೇಬಿಯಾದಲ್ಲಿ ಹಡಗಿಗೆ ಒದಗುವ ಮರ ಬೆಳೆಯುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ತೇಗ ಎಲ್ಲಕ್ಕಿಂತ ಬಾಳಿಕೆಯದು. ಅದರ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ನೀರು-ಬಿಸಿಲುಗಳಿಗೆ ಸುಲಭವಾಗಿ ಸೀಳುವುದಿಲ್ಲ. ಹೊಲಿಗೆಯ ಕೆಲಸಕ್ಕೆ ಬಡಗಿಗಳು ಹೆಚ್ಚು ಮೆಚ್ಚಿದ್ದು ಹೆಬ್ಬಲಸನ್ನು. ಮಲಯಾಳದವರು ಆಂಜಿಲಿ ಎನ್ನುವ ಈ ಮರ ಎತ್ತರಕ್ಕೆ ನೇರವಾಗಿ ಬೆಳೆಯುತ್ತದೆ, ಉದ್ದನೆಯ ಹಲಗೆ ಕೊಡುತ್ತದೆ, ಕಾಯಿಸಿದರೆ ಬಾಗುತ್ತದೆ, ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. ಅಗ್ಗದ ಮೀನುದೋಣಿಗಳಿಗೆ ಮಾವಿನ ಹಲಗೆ ಸಾಕಾಗುತ್ತಿತ್ತು. ಹಾಯಿ ಕಟ್ಟುವ ಕೂವೆಮರಕ್ಕೆ ಹೊನ್ನೆಯ ಕುಲದ, ಪೂನ್ ಎಂದು ವ್ಯಾಪಾರದಲ್ಲಿ ಹೆಸರಾದ ಕಾಡುಮರವೇ ಆಗಬೇಕು: ಹಗುರ, ನೇರ, ಗಂಟಿಲ್ಲದ್ದು. ಕೆನರಾದ ಕಾಡಿನ ಈ ಮರಗಳ ಮೇಲೆ ಮುಂದೆ ಬ್ರಿಟಿಷರ ನೌಕಾಪಡೆಯ ಕಣ್ಣೂ ಬಿತ್ತು. ಘಟ್ಟದಲ್ಲಿ ಕಡಿದ ದಿಮ್ಮಿಗಳನ್ನು ಕೆಳಗೆ ಸಾಗಿಸಲು ರಸ್ತೆ ಬೇಕಿರಲಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಎಲ್ಲವೂ ಪಡುವಣಕ್ಕೇ ಹರಿಯುತ್ತವೆ. ನದಿಯಲ್ಲಿ ತೇಲಿಬಂದ ಮರ ಅಳಿವೆಯ ಬಳಿ ದಡ ಹತ್ತಿದರೆ ಅಲ್ಲಿಯೇ ಹಡಗಿನ ಕೆಲಸ ಶುರು.

ಹಡಗು ಕಟ್ಟುವ ಜಾಗವೆಂದರೆ ಅಳಿವೆಯ ದಂಡೆಯ ಸಮತಟ್ಟಾದ ಮರಳು, ಮೇಲೆ ತೆಂಗಿನ ಮಡಲಿನ ಚಪ್ಪರ. ಬಡಗಿಗಳ ಮನೆ ಅಲ್ಲೇ ಪಕ್ಕದಲ್ಲಿ. ಬಾಚಿ, ಉಳಿ, ಕೊಡತಿ, ಗರಗಸ, ಬಿಲ್ಲಿನಿಂದ ತಿರುಗಿಸುವ ಬೈರಿಗೆ, ಅಳತೆಗೆ ದಾರ, ಇವಿಷ್ಟೇ ಉಪಕರಣ. ಕಾಗದದ ಮೇಲೆ ನಕ್ಷೆ ಬರೆಯುವ ಪದ್ಧತಿ ಇರಲಿಲ್ಲ. ಅಡಿಮರದ ಉದ್ದ ಇಷ್ಟಾದರೆ ಅಗಲ ಎಷ್ಟು, ಕೂವೆ ಎಷ್ಟು ಎತ್ತರ ಎಂಬ ಲೆಕ್ಕ ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಬರುತ್ತಿತ್ತು. ಒಡಲಿನ ಬಾಗು ಸರಿಯಿದೆಯೇ ಎಂದು ತೀರ್ಮಾನಿಸುವುದು ಹಿರಿಯ ಬಡಗಿಯ ಕಣ್ಣು. ಇಂದಿಗೂ ಕೇರಳದ ಬೇಪೂರಿನಲ್ಲಿ ಉರು ಎಂಬ ದೊಡ್ಡ ಮರದ ಹಡಗುಗಳನ್ನು ಮೊಳೆ ಹೊಡೆದೇ ಕಟ್ಟಿದರೂ ನಕ್ಷೆಯಿಲ್ಲದ ಈ ರೀತಿ ಅಲ್ಲಿ ಉಳಿದುಬಂದಿದೆ.

ಮರದಷ್ಟೇ ಮುಖ್ಯವಾದದ್ದು ಹುರಿ. ಇದರ ತಯಾರಿ ಹಡಗಿನ ಕೆಲಸಕ್ಕಿಂತ ತಿಂಗಳುಗಟ್ಟಲೆ ಮೊದಲೇ ಆರಂಭವಾಗುತ್ತಿತ್ತು. ಪೂರ್ತಿ ಒಣಗದ ಕಾಯಿಯ ಸಿಪ್ಪೆ ಸುಲಿದು, ಹಿನ್ನೀರಿನ ಕೆಸರಿನಲ್ಲೋ ದಂಡೆಯ ಗುಂಡಿಯಲ್ಲೋ ಹೂತು, ತೇಲದಂತೆ ಮೇಲೆ ಕಲ್ಲು ಹೇರಿ, ಆರು ತಿಂಗಳಿಗೂ ಹೆಚ್ಚು ಕಾಲ ಉಪ್ಪುನೀರಿನಲ್ಲಿ ಕೊಳೆಯಲು ಬಿಡುತ್ತಾರೆ. ಸಿಪ್ಪೆಯ ಮೆದು ಭಾಗ ಕರಗಿ ನಾರು ಸಡಿಲವಾದ ಮೇಲೆ ಕೋಲಿನಿಂದ ಬಡಿದು, ತೊಳೆದು, ಒಣಗಿಸಿ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಾರೆ. ಈ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರದು. ಹಡಗಿನ ಚರಿತ್ರೆ ಬರೆದವರು ಹಡಗಿನ ನಾಯಕನಾದ ನಾಖೋದಾನನ್ನೂ ಬಡಗಿಯನ್ನೂ ನೆನೆದರು. ಹಡಗು ಒಡೆಯದಂತೆ ಹಿಡಿದ ಹುರಿಯನ್ನು ಹೊಸೆದ ಹೆಂಗಸರು ಆ ಪುಟಗಳಲ್ಲಿ ಬರಲಿಲ್ಲ. ಅವರ ಕೈಯ ಹುರಿಗೆ ಸಾಟಿಯಾದದ್ದು ಬೇರೆ ಇರಲಿಲ್ಲ. ಸಣಬಿನ ಹಗ್ಗ ಉಪ್ಪುನೀರಿನಲ್ಲಿ ಬೇಗ ಕೊಳೆಯುತ್ತದೆ. ತೆಂಗಿನ ನಾರು ತಾಳುತ್ತದೆ, ನೀರು ಕುಡಿದಾಗ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ, ಎಳೆದಾಗ ಕೊಂಚ ಹಿಗ್ಗಿ ಮತ್ತೆ ಸ್ಥಾನಕ್ಕೆ ಬರುತ್ತದೆ. ಅಲೆ ಹೊಡೆಯುವ ಒಡಲಿಗೆ ಬೇಕಾದ ಗುಣಗಳೆಲ್ಲ ಅದರಲ್ಲಿವೆ.

ಕಟ್ಟುವ ಕ್ರಮ ಹೀಗೆ. ಮೊದಲು ಅಡಿಮರವನ್ನು ದಿಮ್ಮಿಗಳ ಮೇಲೆ ನೆಟ್ಟಗೆ ಕೂರಿಸಿ, ಅದರ ಎರಡು ತುದಿಗಳಿಗೆ ಮುಂದಲೆ ಮತ್ತು ಹಿಂದಲೆಯ ಮರಗಳನ್ನು ನಿಲ್ಲಿಸುತ್ತಾರೆ. ಯೂರೋಪಿನ ನಂತರದ ಪದ್ಧತಿಯಲ್ಲಿ ಇದಾದ ಮೇಲೆ ಪಕ್ಕೆಲುಬುಗಳನ್ನು ಎಬ್ಬಿಸಿ ಅವುಗಳ ಮೇಲೆ ಹಲಗೆ ಹೊದಿಸುತ್ತಾರೆ. ಇಲ್ಲಿ ಹಾಗಲ್ಲ. ಹಲಗೆಗಳೇ ಮೊದಲು. ಅಡಿಮರದ ಎರಡೂ ಬದಿಗೆ ಒಂದೊಂದು ಹಲಗೆ, ಅದರ ಮೇಲೆ ಇನ್ನೊಂದು, ಹೀಗೆ ಒಡಲು ತಳದಿಂದ ಮೇಲಕ್ಕೆ ಬೆಳೆಯುತ್ತದೆ. ಪಕ್ಕೆಲುಬು ಒಳಕ್ಕೆ ಬರುವುದು ಆಮೇಲೆ. ಹಡಗಿನ ಆಕಾರ ಹಲಗೆಗಳಲ್ಲೇ ನಿರ್ಧಾರವಾಗುವುದರಿಂದ ತಳದ ಮೊದಲ ಎರಡು ಹಲಗೆಗಳು ಎಲ್ಲಕ್ಕಿಂತ ಕಷ್ಟದವು. ಅವುಗಳ ಬಾಗು ತಪ್ಪಿದರೆ ಮೇಲಿನ ಸಾಲುಗಳೆಲ್ಲ ತಪ್ಪುತ್ತವೆ.

ಬಾಗಿಸಬೇಕಾದ ಹಲಗೆಯನ್ನು ಕೆಂಡದ ಮೇಲೆ ಅಥವಾ ಹಬೆಯಲ್ಲಿ ಕಾಯಿಸಿ, ಬಿಸಿಯಿರುವಾಗಲೇ ಹಗ್ಗ-ಬೆಣೆ ಹಾಕಿ ಒಡಲಿನ ತಿರುವಿಗೆ ಎಳೆದು ಕೂರಿಸುತ್ತಾರೆ. ಮುಂದಲೆಯ ಬಳಿ ಹಲಗೆ ಬಾಗುವುದರ ಜೊತೆಗೆ ತಿರುಚಿಕೊಳ್ಳಲೂ ಬೇಕು. ಮರದ ಎಳೆ ತಿಳಿಯದವನ ಕೈಯಲ್ಲಿ ಅದು ಸೀಳಿಯೇ ಹೋಗುತ್ತದೆ. ಆಮೇಲೆ ಅಂಚು ಕೂಡಿಸುವ ಕೆಲಸ. ಹಲಗೆಯನ್ನು ಕೆಳಗಿನ ಸಾಲಿನ ಮೇಲಿಟ್ಟು ನೋಡಿ, ಇಳಿಸಿ, ಉಬ್ಬಿದ ಕಡೆ ಕೀಸಿ, ಮತ್ತೆ ಇಟ್ಟು, ಸಂದಿನಲ್ಲಿ ಬೆಳಕು ತೂರದ ಹಾಗೆ ಮಾಡಬೇಕು. ಹೊಲಿದ ಹಡಗಿನಲ್ಲಿ ಸಂದಿ ಸಡಿಲವಾದರೆ ಹೊರಗಿನಿಂದ ಎಷ್ಟು ತುರುಕಿದರೂ ಫಲವಿಲ್ಲ. ತುರುಕಿದಷ್ಟೂ ಹುರಿಯ ಮೇಲೆ ಒತ್ತಡ ಬೀಳುತ್ತದೆ. ಹಲಗೆಗಳು ಒಂದರ ಮೇಲೊಂದು ಜಾರದಂತೆ ಅಂಚಿನೊಳಗೆ ಅಲ್ಲಲ್ಲಿ ಮರದ ಆಣಿಗಳನ್ನು ಕೂರಿಸುವುದೂ ಉಂಟು.

ಈಗ ಹೊಲಿಗೆ. ಕೂಡಿದ ಎರಡು ಹಲಗೆಗಳ ಅಂಚಿನಿಂದ ತುಸು ಒಳಗೆ ಎದುರುಬದುರಾಗಿ ತೂತುಗಳ ಜೋಡಿಸಾಲು ಕೊರೆಯುತ್ತಾರೆ. ಒಳಮೈಯಲ್ಲಿ ಸಂದಿನ ಮೇಲೆ ಉದ್ದಕ್ಕೂ ನಾರಿನ ದಪ್ಪ ಸುರುಳಿಯೊಂದನ್ನು ಇಡುತ್ತಾರೆ. ಹುರಿ ಈ ಸುರುಳಿಯ ಮೇಲಿಂದ ಹಾದು, ತೂತಿನಲ್ಲಿ ಹೊರಗೆ ಹೋಗಿ, ಕೆಳಗಿನ ತೂತಿನಲ್ಲಿ ಒಳಗೆ ಬಂದು, ಅಡ್ಡಡ್ಡವಾಗಿ ದಾಟುತ್ತ ಮುಂದೆ ಸಾಗುತ್ತದೆ. ಇದು ಇಬ್ಬರ ಕೆಲಸ. ಒಬ್ಬ ಒಡಲಿನ ಒಳಗೆ, ಇನ್ನೊಬ್ಬ ಹೊರಗೆ. ಒಬ್ಬ ದಾಟಿಸಿದ್ದನ್ನು ಇನ್ನೊಬ್ಬ ಸನ್ನೆಕೋಲಿಗೆ ಸುತ್ತಿ ಮೈಭಾರ ಹಾಕಿ ಎಳೆಯುತ್ತಾನೆ. ಎಳೆದ ಬಿಗಿ ಸಡಿಲವಾಗದಂತೆ ತೂತಿಗೆ ತಾತ್ಕಾಲಿಕವಾಗಿ ಒಂದು ಗೂಟ ಜಡಿದು, ಒಳಗಿನ ಸುರುಳಿಯನ್ನು ಕೊಡತಿಯಿಂದ ಬಡಿದು ಕೂರಿಸಿ, ಮುಂದಿನ ತೂತಿಗೆ ಹೋಗುತ್ತಾರೆ. ಇಬ್ಬರ ಎಳೆತ ಒಂದೇ ಸಮ ಇರಬೇಕು. ಒಂದು ಹೊಲಿಗೆ ಬಿಗಿ, ಪಕ್ಕದ್ದು ಸಡಿಲ ಎಂದಾದರೆ ಭಾರವೆಲ್ಲ ಬಿಗಿಯ ಮೇಲೆ ಬಿದ್ದು ಹುರಿ ಕಡಿಯುತ್ತದೆ. ಹೊರಮೈಯಲ್ಲಿ ಹುರಿ ಕಾಣುವ ಕಡೆ ಹಲಗೆಯಲ್ಲಿ ಸಣ್ಣ ತೋಡು ಕೊರೆದು ಅದನ್ನು ಒಳಕ್ಕೆ ಅಡಗಿಸುವ ಪದ್ಧತಿಯೂ ಇತ್ತು. ಹಡಗನ್ನು ಮರಳಿನ ಮೇಲೆ ಎಳೆದಾಗ ಹುರಿ ಸವೆಯಬಾರದಲ್ಲ. ಕೊನೆಗೆ ತೂತುಗಳನ್ನೆಲ್ಲ ನಾರು ಮತ್ತು ಮರದ ರಾಳ ಸೇರಿಸಿ ಮುಚ್ಚುತ್ತಾರೆ. ಪಶ್ಚಿಮ ಘಟ್ಟದ ಧೂಪದ ಮರದ ರಾಳ ಇದಕ್ಕೆ ಒದಗುತ್ತಿತ್ತು. ಹಲಗೆಯ ಸಾಲುಗಳು ಸಾಕಷ್ಟು ಎತ್ತರಕ್ಕೆ ಬಂದ ಮೇಲೆ ಪಕ್ಕೆಲುಬುಗಳನ್ನು ಒಡಲಿಗೆ ಹುರಿಯಿಂದಲೇ ಬಿಗಿದು, ಅಡ್ಡತೊಲೆಗಳನ್ನು ಹಾಕುತ್ತಾರೆ.

ಒಡಲಿಗೆ ಬಳಿಯುತ್ತಿದ್ದುದು ಎಣ್ಣೆ. 1183ರಲ್ಲಿ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಯಾತ್ರೆ ಹೊರಟ ಅರಬ್ ಪ್ರವಾಸಿ ಇಬ್ನ್ ಜುಬೈರ್ ಅಲ್ಲಿನ ಹೊಲಿದ ಹಡಗುಗಳಿಗೆ ತುಪ್ಪ, ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆ ಬಳಿಯುವುದನ್ನು ಕಂಡ. ಮೂರರಲ್ಲಿ ಮೀನೆಣ್ಣೆಯೇ ಮೇಲು ಎಂದು ಬರೆದ. ಆ ಹಡಗುಗಳ ಮರವೂ ಹುರಿಯೂ ಭಾರತ, ಯೆಮನ್‌ಗಳಿಂದ ಬಂದದ್ದೆಂದೂ ಹೇಳಿದ. ಎಣ್ಣೆ ಮರವನ್ನೂ ಹುರಿಯನ್ನೂ ಒಣಗಿ ಬಿರಿಯದಂತೆ ಕಾಯುತ್ತದೆ. ನೀರಿನೊಳಗೆ ಇರುವ ಭಾಗಕ್ಕೆ ಸುಣ್ಣವನ್ನು ಕೊಬ್ಬಿನಲ್ಲಿ ಕಲಸಿ ದಪ್ಪಗೆ ಮೆತ್ತುವುದು ಇನ್ನೊಂದು ರೂಢಿ. ಮರವನ್ನು ಜರಡಿಯಂತೆ ಕೊರೆದು ಹಾಕುವ ಹಡಗುಹುಳುವಿನಿಂದ ಅದು ರಕ್ಷಣೆ ಕೊಡುತ್ತಿತ್ತು. ಹಾಯಿಗೆ ಹತ್ತಿ ಬಟ್ಟೆ ಅಥವಾ ಎಲೆಯಲ್ಲಿ ಹೆಣೆದ ಚಾಪೆ, ಲಂಗರಿಗೆ ತೂತು ಕೊರೆದ ಕಲ್ಲು. ಚುಕ್ಕಾಣಿ ಮೊದಲು ಪಕ್ಕದಲ್ಲಿತ್ತು, ಆಮೇಲೆ ಹಿಂದಲೆಗೆ ಬಂತು. 1237ರಲ್ಲಿ ಬಾಗ್ದಾದಿನ ಚಿತ್ರಕಾರ ಅಲ್-ವಾಸಿತಿ ಹರೀರಿಯ ‘ಮಕಾಮಾತ್’ ಗ್ರಂಥಕ್ಕೆ ಬರೆದ ಚಿತ್ರದಲ್ಲಿ ಹಿಂದಲೆಯ ಚುಕ್ಕಾಣಿಯೂ ಹಲಗೆಗಳ ನಡುವಣ ಹೊಲಿಗೆಯೂ ಕಾಣುತ್ತವೆ.

ಇಷ್ಟೆಲ್ಲ ಮಾಡಿದರೂ ಹಡಗಿನೊಳಗೆ ನೀರು ಒಸರುತ್ತಲೇ ಇರುತ್ತಿತ್ತು. ನೀರು ಮೊಗೆದು ಹೊರಗೆ ಚೆಲ್ಲುವುದು ಪ್ರಯಾಣದುದ್ದಕ್ಕೂ ನಿಲ್ಲದ ಕೆಲಸ. ಮುಂಗಾರು ಬಿರುಸಾಗಿ ಬಂದರುಗಳು ಮುಚ್ಚಿದಾಗ ಹಡಗನ್ನು ದಂಡೆಗೆ ಎಳೆದು, ಮಡಲು ಹೊದಿಸಿ, ಹಳತಾದ ಹುರಿಯನ್ನು ಕತ್ತರಿಸಿ ತೆಗೆದು ಹೊಸದಾಗಿ ಹೊಲಿಯುತ್ತಿದ್ದರು. ಕೊಳೆತ ಹಲಗೆಯೊಂದಿದ್ದರೆ ಅದನ್ನಷ್ಟೇ ಬಿಚ್ಚಿ ಬದಲಿಸುತ್ತಿದ್ದರು. ಪಕ್ಕದ ಹಲಗೆಗೆ ಗಾಯವಾಗುತ್ತಿರಲಿಲ್ಲ. ಮತ್ತೆ ಕಡಲಿಗಿಳಿಯುವ ಮುನ್ನ ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸುವ ಪದ್ಧತಿ ಇಂದಿಗೂ ಕರಾವಳಿಯ ಮೊಗವೀರರಲ್ಲಿದೆ. ಮಳೆಗಾಲದ ಬಿಡುವು, ರಿಪೇರಿ, ಮತ್ತೆ ಕಡಲಿಗಿಳಿಯುವುದು ಎಂಬ ಈ ವಾರ್ಷಿಕ ಸರದಿಗೆ ಹೊಲಿದ ಹಡಗು ಚೆನ್ನಾಗಿ ಹೊಂದಿಕೊಂಡಿತ್ತು.

ಮೊಳೆ ಏಕೆ ಬೇಡವಾಯಿತು? ಈ ಪ್ರಶ್ನೆಗೆ ಹಳೆಯ ಬರಹಗಾರರು ಕೊಟ್ಟ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಸ್ವಾರಸ್ಯಕರ. ಕಡಲಿನಲ್ಲಿ ಸೂಜಿಗಲ್ಲಿನ ಬೆಟ್ಟಗಳಿವೆ, ಅವು ಮೊಳೆಗಳನ್ನು ಸೆಳೆದು ಹಡಗನ್ನು ಹಿಡಿದುಬಿಡುತ್ತವೆ ಎಂಬ ಕತೆ ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಕಾಲದಷ್ಟು ಹಳೆಯದು. ಭೋಜರಾಜನ ಹೆಸರಿನಲ್ಲಿರುವ ಸಂಸ್ಕೃತದ ‘ಯುಕ್ತಿಕಲ್ಪತರು’ ಕೂಡ ಇದೇ ಭಯದಿಂದ ಕಡಲ ಹಡಗಿನ ತಳಕ್ಕೆ ಕಬ್ಬಿಣ ಬೇಡವೆನ್ನುತ್ತದೆ. ಪ್ರೊಕೋಪಿಯಸ್ ಸೂಜಿಗಲ್ಲಿನ ಕತೆಯನ್ನು ತಳ್ಳಿಹಾಕಿ, ಆ ಜನರ ಬಳಿ ಕಬ್ಬಿಣವೇ ಇಲ್ಲ ಎಂದ. ಇದು ಪೂರ್ತಿ ತಪ್ಪು. ದಕ್ಷಿಣ ಭಾರತದ ಉಕ್ಕು ಹೊರದೇಶಗಳಲ್ಲಿ ಹೆಸರಾಗಿತ್ತು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರವ್ಯವಹಾರ ಕೈರೋದ ಯಹೂದಿ ಮಂದಿರದ ‘ಗೆನಿಜಾ’ ಎಂಬ ಉಗ್ರಾಣದ ಹಳೆಯ ಕಾಗದಗಳಲ್ಲಿ ಉಳಿದುಬಂದಿದೆ. ಮೆಣಸು, ಅಡಿಕೆಗಳ ಜೊತೆ ಕಬ್ಬಿಣವೂ ಈ ದಂಡೆಯಿಂದ ಏಡನ್‌ಗೆ ಹೋಗುತ್ತಿದ್ದುದು ಅವುಗಳಿಂದ ಗೊತ್ತಾಗುತ್ತದೆ. ಕಬ್ಬಿಣವನ್ನು ಸರಕಾಗಿ ಹೇರುತ್ತಿದ್ದ ದಂಡೆಯಲ್ಲಿ ಮೊಳೆಗೆ ಬರವಿತ್ತೆನ್ನಲಾಗದು. 10ನೇ ಶತಮಾನದ ಅರಬ್ ಬರಹಗಾರ ಅಲ್-ಮಸೂದಿ, ಈ ಕಡಲಿನ ನೀರು ಕಬ್ಬಿಣವನ್ನು ತಿನ್ನುತ್ತದೆ ಎಂದ. 13ನೇ ಶತಮಾನದಲ್ಲಿ ಹಾರ್ಮುಜ್‌ನಲ್ಲಿ ಈ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಇಲ್ಲಿನ ಮರ ಮೊಳೆ ಹೊಡೆದರೆ ಸೀಳುವಷ್ಟು ಗಡಸು ಎಂದ. ಈ ಹಡಗುಗಳು ತೀರ ಕಳಪೆ, ಅನೇಕವು ಮುಳುಗುತ್ತವೆ ಎಂದೂ ಸೇರಿಸಿದ.

ಎಲ್ಲರಿಗಿಂತ ಸರಿಯಾಗಿ ಹೇಳಿದವನು 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ. ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಳುಕುತ್ತದೆ, ಒಡೆಯುವುದಿಲ್ಲ. ಅವನು ಇಂಥ ಹಡಗುಗಳಲ್ಲಿ ವರ್ಷಗಟ್ಟಲೆ ಓಡಾಡಿದವನು, ಮಾಲ್ದೀವ್‌ನಲ್ಲಿ ಹುರಿಯ ವ್ಯಾಪಾರವನ್ನು ಕಣ್ಣಾರೆ ಕಂಡವನು. ಮಾರ್ಕೊ ಪೋಲೊ ಹಾರ್ಮುಜ್‌ನಲ್ಲಿ ಆ ಹಡಗುಗಳನ್ನು ನೋಡಿ ಭಯಪಟ್ಟ ಪ್ರಯಾಣಿಕ. ಪಶ್ಚಿಮ ಕರಾವಳಿಯಲ್ಲಿ ಆಳವಾದ ಬಂದರುಗಳು ಕಡಿಮೆ. ಅಳಿವೆಗಳ ಬಾಯಲ್ಲಿ ಮರಳದಿಬ್ಬ, ದಂಡೆಗೆ ಅಪ್ಪಳಿಸುವ ಅಲೆ. ಇಲ್ಲಿ ಹಡಗು ನೆಲ ತಾಗುವುದು ದಿನನಿತ್ಯದ ಸಂಗತಿ. ಗಡಸಾದ ಒಡಲು ಆ ಪೆಟ್ಟಿಗೆ ಬಿರಿಯುತ್ತದೆ, ಬಳುಕುವ ಒಡಲು ಅದನ್ನು ಹಂಚಿಕೊಳ್ಳುತ್ತದೆ. ಜೊತೆಗೆ ಖರ್ಚಿನ ಲೆಕ್ಕವೂ ಇತ್ತು. ತೆಂಗಿನ ಸಿಪ್ಪೆ ಹಿತ್ತಲಿನಲ್ಲೇ ಸಿಗುವ ವಸ್ತು. ದೊಡ್ಡ ಮೊಳೆಗೆ ಕಬ್ಬಿಣವನ್ನು ಕೊಳ್ಳಬೇಕು, ಕಮ್ಮಾರನಿಗೆ ಕೂಲಿ ಕೊಡಬೇಕು. ಪರ್ಷಿಯಾ ಕೊಲ್ಲಿಯ ಸೀರಾಫ್ ಬಂದರಿನ ಅಬೂ ಜೈದ್ 10ನೇ ಶತಮಾನದಲ್ಲಿ ಬರೆದದ್ದನ್ನು ಓದಿದರೆ ಇದರ ಪೂರ್ಣ ಚಿತ್ರ ಸಿಗುತ್ತದೆ. ಒಮಾನಿನವರು ಉಪಕರಣಗಳೊಂದಿಗೆ ತೆಂಗಿನ ದ್ವೀಪಗಳಿಗೆ ಹೋಗಿ, ತೆಂಗಿನ ಮರ ಕಡಿದು ಹಲಗೆ ಸೀಳಿ, ಅದರ ನಾರಿನಿಂದಲೇ ಹೊಲಿದು, ಅದರ ಮರದಿಂದಲೇ ಕೂವೆ, ಅದರ ಗರಿಯಿಂದ ಹಾಯಿ ಮಾಡಿ, ಹೊಸ ಹಡಗಿನ ತುಂಬ ತೆಂಗಿನಕಾಯಿ ಹೇರಿಕೊಂಡು ಊರಿಗೆ ಮರಳುತ್ತಿದ್ದರು.

ಇಬ್ನ್ ಬತೂತನ ಬರಹದಿಂದ ಕನ್ನಡ ಕರಾವಳಿಯ ಒಂದು ನೌಕಾಪಡೆಯ ಪರಿಚಯವೂ ಆಗುತ್ತದೆ. 1340ರ ದಶಕದಲ್ಲಿ ಅವನು ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಮಲಬಾರಿನ ಊರುಗಳು ಸಮುದ್ರದಲ್ಲಿ ಬಲಶಾಲಿಯಾದ ಈತನಿಗೆ ಕಪ್ಪ ಕೊಡುತ್ತಿದ್ದವಂತೆ. ಸಂದಾಪುರ, ಅಂದರೆ ಗೋವೆಯ ಮೇಲೆ ದಾಳಿ ಮಾಡಲು ಸುಲ್ತಾನ 52 ಹಡಗುಗಳನ್ನು ಸಜ್ಜುಗೊಳಿಸಿದ. ಇಬ್ನ್ ಬತೂತ ತಾನೂ ಅದರಲ್ಲಿ ಹೊರಟ. ಎರಡು ಹಡಗುಗಳ ಹಿಂದಲೆ ತೆರೆದುಕೊಳ್ಳುವಂತಿತ್ತು. ಒಳಗೆ ಕುದುರೆಗಳು. ಸವಾರರು ಹಡಗಿನೊಳಗೇ ಕುದುರೆ ಹತ್ತಿ, ದಡ ತಾಗಿದ ಕೂಡಲೇ ನೇರವಾಗಿ ಹೊರಕ್ಕೆ ಧಾವಿಸಿದರು. ದೊಡ್ಡ ಸಾಮ್ರಾಜ್ಯವಲ್ಲದ, ಶರಾವತಿಯ ಅಳಿವೆಯ ಒಂದು ಪಟ್ಟಣ ಇಷ್ಟು ಹಡಗುಗಳನ್ನು ಹೊರಡಿಸಬಲ್ಲದಾಗಿತ್ತು ಎಂಬುದು ಈ ದಂಡೆಯ ಬಡಗಿಗಳ ಬಗ್ಗೆ ಬಹಳ ಹೇಳುತ್ತದೆ.

1498ರಲ್ಲಿ ವಾಸ್ಕೊ ಡ ಗಾಮಾ ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ ತನ್ನ ಹಡಗುಗಳನ್ನು ರಿಪೇರಿಗೆ ನಿಲ್ಲಿಸಿದ. ಆ ಹೊತ್ತಿಗೆ ಮಲಬಾರಿನಲ್ಲಿ ಹೊಲಿದ ಹಡಗುಗಳ ಜೊತೆಗೆ ಮೊಳೆ ಹೊಡೆದವೂ ಇದ್ದವೆಂದು ಪೋರ್ಚುಗೀಸ್ ಬರಹಗಾರರು ಹೇಳುತ್ತಾರೆ. ಹೀಗಾಗಿ ಮೊಳೆಯನ್ನು ಯೂರೋಪಿನವರೇ ಇಲ್ಲಿಗೆ ತಂದರೆಂಬುದು ಸರಿಯಲ್ಲ. ಅವರು ತಂದದ್ದು ಫಿರಂಗಿ ಕಾಳಗ. ಸಾಲು ಫಿರಂಗಿಗಳ ತೂಕ, ಅವು ಹಾರಿದಾಗಿನ ಹಿಂದೊತ್ತು, ಎದುರಾಳಿಯ ಗುಂಡಿನ ಹೊಡೆತ ಇವೆಲ್ಲಕ್ಕೆ ಬಳುಕದ ಗಟ್ಟಿ ಚೌಕಟ್ಟು ಬೇಕು. ವ್ಯಾಪಾರದ ಹಡಗಿಗೂ ಆತ್ಮರಕ್ಷಣೆಗೆ ಫಿರಂಗಿ ಅಗತ್ಯವಾದ ಮೇಲೆ ದೊಡ್ಡ ಹಡಗುಗಳಲ್ಲಿ ಹುರಿಯ ಜಾಗಕ್ಕೆ ಮೊಳೆ ಬಂತು. ಹೊಲಿಗೆ ಸೋತದ್ದು ಕಡಲಿನ ಎದುರಿಗಲ್ಲ, ಯುದ್ಧದ ಹೊಸ ರೀತಿಯ ಎದುರಿಗೆ. 18ನೇ ಶತಮಾನದ ಕೊನೆಗೆ ಟಿಪ್ಪು ಸುಲ್ತಾನ್ ಸುಮಾರು 40 ಯುದ್ಧನೌಕೆಗಳ ಯೋಜನೆ ಹಾಕಿ, 1796ರಲ್ಲಿ ಮಂಗಳೂರು, ಸದಾಶಿವಗಡ ಸೇರಿ ಮೂರು ಕಡೆ ಹಡಗುಕಟ್ಟೆಗಳನ್ನು ಏರ್ಪಡಿಸಿದಾಗ ಅವನ ಕಣ್ಣೆದುರು ಇದ್ದುದು ಈ ಹೊಸ ಬಗೆಯ ನೌಕೆಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಕೆಲಸ ನಿಂತಿತು. ಪಶ್ಚಿಮ ಘಟ್ಟದ ತೇಗ ಮುಂಬಯಿಯ ವಾಡಿಯಾ ಮನೆತನದ ಹಡಗುಕಟ್ಟೆಗೆ ಹೋಯಿತು. ಅಲ್ಲಿ 1817ರಲ್ಲಿ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ.

ಹಡಗಿನಿಂದ ಹೊಲಿಗೆ ಹಿಂದೆ ಸರಿದರೂ ಹುರಿಯ ಬೇಡಿಕೆ ಕುಗ್ಗಲಿಲ್ಲ. ಲಂಗರಿಗೆ, ಹಾಯಿಗೆ ಹಗ್ಗ ಬೇಕೇ ಬೇಕಿತ್ತು. ಲಕ್ಷದ್ವೀಪದ ಉತ್ತರದ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಕಣ್ಣಾನೂರಿನ ಅರಸರಾದ ಅಲಿರಾಜರಿಂದ ಟಿಪ್ಪುವಿನ ಕೈಗೆ ಬಂದವು. 1799ರ ನಂತರ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಕೆನರಾಕ್ಕೆ ಸೇರಿ, 1956ರವರೆಗೂ ಮಂಗಳೂರಿನಿಂದಲೇ ಆಳಿಸಿಕೊಂಡವು. ದ್ವೀಪದವರು ಓಡಂ ಎಂಬ ತಮ್ಮ ಹಾಯಿಹಡಗುಗಳಲ್ಲಿ ಹುರಿ ತಂದು ಮಂಗಳೂರಿನಲ್ಲಿ ಒಪ್ಪಿಸಿ ಅಕ್ಕಿ ಒಯ್ಯಬೇಕಿತ್ತು. ಹುರಿಯ ವ್ಯಾಪಾರದ ಏಕಸ್ವಾಮ್ಯ ಸರಕಾರದ್ದಾಗಿತ್ತು. ಬೆಲೆಯನ್ನು ಕೊಳ್ಳುವವನೇ ಕಟ್ಟುವ ಈ ವ್ಯವಸ್ಥೆ ದ್ವೀಪದ ಜನರಿಗೆ ದೀರ್ಘಕಾಲ ಹೊರೆಯಾಗಿತ್ತು. ಓಡಂಗಳು ಹೊಲಿದ ಹಡಗುಗಳೇ. ದೊಡ್ಡ ಬಂದರುಗಳಿಂದ ಮರೆಯಾದ ಕೈಚಳಕ ಈ ಪುಟ್ಟ ದ್ವೀಪಗಳಲ್ಲಿ 20ನೇ ಶತಮಾನದವರೆಗೂ ಉಳಿದದ್ದು ಹೀಗೆ.

ಕೆನರಾದ ಅಳಿವೆಗಳಲ್ಲಿ ಆಮೇಲೆ ಮೆರೆದದ್ದು ಮಂಜಿ, ಮಚ್ಚುವೆ, ಪತ್ತೆಮಾರಿ ಎಂಬ, ಮೊಳೆ ಹೊಡೆದ ಹಾಯಿಹಡಗುಗಳು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು, ಅಕ್ಕಿ, ಕಾಫಿ, ಮೆಣಸು ಹೇರಿದ ಹಾಯಿಹಡಗುಗಳು ಮುಂಬಯಿ, ಗುಜರಾತ್, ಅರಬ್ ಬಂದರುಗಳಿಗೆ ಹೋಗತೊಡಗಿದವು. ರಸ್ತೆ-ರೈಲುಗಳ ಪೈಪೋಟಿ ಮತ್ತು ಇಂಜಿನಿನಿಂದ 20ನೇ ಶತಮಾನದ ನಡುವಿನ ನಂತರ ಹಾಯಿಯ ಕಾಲವೇ ಮುಗಿಯಿತು. ಹೊಲಿಗೆಯಾದರೋ ಚಿಕ್ಕ ದೋಣಿಗಳಲ್ಲಿ ಅಡಗಿ ಬದುಕಿತು. ಮದರಾಸಿನಲ್ಲಿ ಬಂದರು ಕಟ್ಟುವ ಮೊದಲು ಹಡಗಿನ ಪ್ರಯಾಣಿಕರನ್ನು ಬಿರುಸಾದ ಅಲೆಗಳ ನಡುವಿನಿಂದ ದಡಕ್ಕೆ ತರುತ್ತಿದ್ದುದು ಮಸೂಲಾ ಎಂಬ ಹೊಲಿದ ದೋಣಿ. ಯೂರೋಪಿನ ದೋಣಿಗಳು ಅಲ್ಲಿ ಒಡೆದುಹೋಗುತ್ತಿದ್ದವು. ಕೇರಳದ ಕುಟ್ಟನಾಡಿನ ಕೆಟ್ಟುವಳ್ಳಂ ಎಂಬ ಹೊಲಿದ ದೋಣಿ ಭತ್ತ ಹೊರುತ್ತಿತ್ತು, ಈಗ ಪ್ರವಾಸಿಗರನ್ನು ಹೊರುತ್ತದೆ. ಮದರಾಸು ಸರಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇವುಗಳ ಮೊದಲ ಗಂಭೀರ ದಾಖಲೆಗಳಲ್ಲಿ ಒಂದು. ಪ್ಲೈವುಡ್, ಫೈಬರ್ ದೋಣಿಗಳು ಬಂದ ಮೇಲೆ ಹೊಲಿಯುವವರ ಮಕ್ಕಳು ಬೇರೆ ಕೆಲಸ ಹಿಡಿದರು.

1980ರಲ್ಲಿ ಐರ್ಲೆಂಡಿನಲ್ಲಿ ನೆಲೆಸಿದ್ದ ಲೇಖಕ ಟಿಮ್ ಸೆವೆರಿನ್ ಒಮಾನಿನ ಸೂರ್ ಎಂಬಲ್ಲಿ ‘ಸೊಹಾರ್’ ಎಂಬ ಹೊಲಿದ ಹಡಗನ್ನು ಕಟ್ಟಿಸಿದಾಗ ಮರಕ್ಕಾಗಿ ಬಂದದ್ದು ಕೇರಳಕ್ಕೆ, ಹುರಿಗೂ ಹೊಲಿಯುವವರಿಗೂ ಹುಡುಕಿದ್ದು ಲಕ್ಷದ್ವೀಪದಲ್ಲಿ. ಯಂತ್ರದಲ್ಲಿ ಮಾಡಿದ ಹುರಿ ಈ ಕೆಲಸಕ್ಕೆ ತಾಳುವುದಿಲ್ಲ, ಉಪ್ಪುನೀರಿನಲ್ಲಿ ಕೊಳೆಸಿ ಕೈಯಲ್ಲಿ ಹೊಸೆದದ್ದೇ ಆಗಬೇಕು ಎಂದು ದ್ವೀಪದವರು ಅವನಿಗೆ ಕಲಿಸಿದರು. ಹಡಗು 1980ರ ನವೆಂಬರಿನಲ್ಲಿ ಮಸ್ಕತ್ ಬಿಟ್ಟು ಮರುವರ್ಷ ಚೀನಾದ ಗುವಾಂಗ್‌ಜೌ ತಲುಪಿತು. ಬೆಲಿತುಂಗ್ ಅವಶೇಷದ ಮಾದರಿಯಲ್ಲಿ ಕಟ್ಟಿದ ‘ಜುವೆಲ್ ಆಫ್ ಮಸ್ಕತ್’ 2010ರಲ್ಲಿ ಒಮಾನಿನಿಂದ ಸಿಂಗಪುರಕ್ಕೆ ಹೋಯಿತು.

ಭಾರತದಲ್ಲಿ ಇದೇ ಕೆಲಸ ನಡೆದದ್ದು ತೀರ ಈಚೆಗೆ. ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೋವೇಶನ್ಸ್ ಸಂಸ್ಥೆ 2023ರಲ್ಲಿ ಒಪ್ಪಂದ ಮಾಡಿಕೊಂಡು, ಆ ವರ್ಷದ ಸೆಪ್ಟೆಂಬರಿನಲ್ಲಿ ಅಡಿಮರ ಹಾಕಿದವು. ಅಂಥ ಭಾರತೀಯ ಹಡಗಿನ ಹಳೆಯ ನಕ್ಷೆಯಾಗಲಿ ಅವಶೇಷವಾಗಲಿ ಇಲ್ಲದ್ದರಿಂದ ಅಜಂತಾದ 5ನೇ ಶತಮಾನದ ಗೋಡೆಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು ರೂಪ ಗೊತ್ತುಮಾಡಲಾಯಿತು. ಮದರಾಸಿನ ಐಐಟಿಯಲ್ಲಿ ಮಾದರಿಯ ಪರೀಕ್ಷೆ ನಡೆಯಿತು. ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ತೆಂಗಿನ ನಾರು ಮತ್ತು ರಾಳ ಬಳಸಿ ಸಾವಿರಾರು ಹೊಲಿಗೆಗಳನ್ನು ಕೈಯಿಂದಲೇ ಹಾಕಿದರು. 2025ರ ಫೆಬ್ರವರಿಯಲ್ಲಿ ನೀರಿಗಿಳಿದ ಈ ಹಡಗು ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿತು. ಅದರ ಚೌಕ ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯನ ಚಿತ್ರಗಳಿವೆ, ಮುಂದಲೆಯಲ್ಲಿ ಸಿಂಹಯಾಳಿಯ ಕೆತ್ತನೆಯಿದೆ, ಅಟ್ಟದ ಮೇಲೆ ಹರಪ್ಪಾ ಕಾಲದ ಮಾದರಿಯ ಕಲ್ಲಿನ ಲಂಗರು. ಇಂದಿನ ನಾವಿಕರಿಗೆ ಚೌಕ ಹಾಯಿಯೂ ಹುಟ್ಟಿನಂಥ ಚುಕ್ಕಾಣಿಯೂ ಹೊಸತು. ಹಡಗು ನಡೆಸುವುದನ್ನು ಅವರು ಬಹುಮಟ್ಟಿಗೆ ಹಡಗಿನ ಮೇಲೆಯೇ ಕಲಿಯಬೇಕಾಯಿತು. 2025ರ ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಹೊರಟು, ಜನವರಿಯಲ್ಲಿ ಮಸ್ಕತ್ ತಲುಪಿತು.